ಮುಟ್ಟಿದ ಕಾಯಿ

ವಿನೋಬನಗರದ ಮದುವೆ ಛತ್ರ.
ನಿನ್ನೆ ರಾತ್ರಿಯ ಥರ್ಮೋಕೋಲು ಅಕ್ಷರ
ವೇದಿಕೆಯ ಮೇಲೆ ಇನ್ನೂ ಅಂಟಿಕೊಂಡಿವೆ:
ಹುಡುಗಿಯ ಹೆಸರು ಪೂರ್ತಿ, ಹುಡುಗನದು ಅರ್ಧ.
ಅದರ ಕೆಳಗೆ ಹನ್ನೊಂದು ದೇಶಗಳ ಬಾವುಟ,
ಅದರ ಕೆಳಗೆ ನಲವತ್ತು ಮೇಜು, ಎಂಬತ್ತು ಕುರ್ಚಿ,
ನೆಲ ಮುಟ್ಟದ ನೂರರವತ್ತು ಕಾಲು.

ಎಂಟು ವರ್ಷದೊಳಗಿನವರ ಅಂತರರಾಷ್ಟ್ರೀಯ ಚದುರಂಗ.
ನಾನು ತೀರ್ಪುಗಾರ. ಮೂರು ದಿನದ ಮಟ್ಟಿಗೆ.
ಉಳಿದಂತೆ ದುರ್ಗಿಗುಡಿಯ ಸಹಕಾರಿ ಬ್ಯಾಂಕಿನಲ್ಲಿ
ಹರಿದ ನೋಟು ತೆಗೆದುಕೊಳ್ಳಲೋ ಬೇಡವೋ ಎಂದು
ಬೆಳಕಿಗೆ ಹಿಡಿದು ನೋಡುವವನು.

ಹದಿನೇಳನೆಯ ಮೇಜು.
ಸಕ್ರೆಬೈಲಿನ ಆನೆ ಬಿಡಾರದ ಮಾವುತ ಜಮೀಲನ ಮಗಳು
ಇಶ್ರತ್, ಏಳು ವರ್ಷ ಎರಡು ತಿಂಗಳು.
ಎದುರಿಗೆ ಮಂಗೋಲಿಯಾದ ತೆಮೂಲೆನ್,
ಬಂದಿಳಿದಾಗಿನಿಂದ ನೆಗಡಿ.
ಇಬ್ಬರಿಗೂ ಬರುವ ಮಾತು ಒಂದೂ ಇಲ್ಲ.
ಕೈ ಕುಲುಕಿದರು. ಅವನು ಸೀನಿದ. ನಕ್ಕರು.
ಗಡಿಯಾರ ಒತ್ತಿದರು.

ಹೆತ್ತವರು ಒಳಗೆ ಬರುವಂತಿಲ್ಲ.
ಊಟದ ಹಾಲಿನ ಕಟ್ಟೆಯ ಮೇಲೆ ಜಮೀಲ್ ಕೂತಿದ್ದ,
ತೊಡೆ ಮೇಲೆ ಟಿಫಿನ್ನು.
ಬೆಳಿಗ್ಗೆ ನಾನೇ ಮಾತಾಡಿಸಿದ್ದೆ: ಯಾರು ಕಲಿಸಿದ್ದು?
‘ಬಿಡಾರ ನೋಡೋಕೆ ಬಂದ ಯಾರೋ ಬೋರ್ಡು ಮರೆತು ಹೋದ್ರು ಸಾರ್.
ಒಂದು ಕುದುರೆ ಇರಲಿಲ್ಲ.
ಹುಣಸೆ ಬೀಜ ಇಟ್ಕೊಂಡು ಆಡ್ತಿದ್ಲು.
ಆಮೇಲೆ ಗಾಜನೂರಿನ ಮೇಷ್ಟ್ರು ಹೇಳಿಕೊಟ್ರು.
ನಂಗೆ ಆನೆ ಒಂದೇ ಗೊತ್ತು.
ಇದರೊಳಗಿನ ಆನೆಗೆ ಸ್ವಲ್ಪ ತಲೆ ಕೆಟ್ಟಿದೆ,
ನೆಟ್ಟಗೆ ಹೋಗುತ್ತೆ!
ನಮ್ಮ ಚಂಪಕೆ ಒಂದು ದಿನವೂ ಹಾಗೆ ಹೋದವಳಲ್ಲ.
ದಾರಿಯಲ್ಲಿ ಎಳೆ ಬಿದಿರು ಕಂಡ್ರೆ ಮುಗೀತು.’

ಇಪ್ಪತ್ತಮೂರನೆಯ ನಡೆ.
ಹುಡುಗಿಯ ಬೆರಳು ಆನೆಯ ತಲೆ ಮೇಲೆ ಇಳಿಯಿತು.
ಇಳಿದ ಮೇಲೆ ಕಂಡಿತು ಅವಳಿಗೆ
ದೂರದ ಮೂಲೆಯ ಒಂಟೆ,
ಅಷ್ಟು ಹೊತ್ತೂ ಮೆಲುಕು ಹಾಕುತ್ತ ಓರೆಗಣ್ಣಲ್ಲಿ ಕಾದಿದ್ದು.
ಆನೆ ಸರಿದರೆ
ಹಿಂದೆ ನಿಂತ ರಾಣಿ ಬಯಲು.

ಬೆರಳು ಹಿಂದೆ ಬಂತು,
ಕಾದ ತವೆ ಮುಟ್ಟಿದ ಹಾಗೆ.

ತೆಮೂಲೆನ್ ಕರವಸ್ತ್ರದೊಳಗಿದ್ದ.
ಕಂಡದ್ದು ನನಗೊಬ್ಬನಿಗೆ.
ಮುಟ್ಟಿದ ಕಾಯಿ ನಡೆಸಲೇಬೇಕು,
ನಿಯಮದ ಪುಸ್ತಕ ನನ್ನ ಜೇಬಿನಲ್ಲೇ ಇತ್ತು.
ನಾನು ಬಾಯಿ ತೆರೆಯಬೇಕಿತ್ತು.
ನಾನು, ಐವತ್ತರ ನೋಟಿನ ಮೂಲೆ ಹರಿದಿದ್ದಕ್ಕೆ
ಮುದುಕಿಯರನ್ನು ವಾಪಸು ಕಳಿಸಿದವನು,
ತಲೆಯೆತ್ತಿ ಫ್ಯಾನು ನೋಡಿದೆ.
ನಮ್ಮೂರ ಹುಡುಗಿ. ಅಷ್ಟೇ ನನ್ನ ನ್ಯಾಯ.
ಮೂರು ರೆಕ್ಕೆ. ಒಂದಕ್ಕೆ ಮದುವೆಯ ಜರಿ ಕಾಗದ
ಸುತ್ತಿಕೊಂಡು ಪಟಪಟ ಅನ್ನುತ್ತಿತ್ತು.
ಎಷ್ಟು ಹೊತ್ತು ನೋಡಿದೆನೋ.

ಕಣ್ಣಿಳಿಸಿದಾಗ
ಮೇಜಿನ ಕೆಳಗೆ ಅವಳ ಬಲಗಾಲ ಹೆಬ್ಬೆರಳು
ಗಾಳಿಯನ್ನು ಒತ್ತುತ್ತಿತ್ತು,
ಕತ್ತಿನ ಮೇಲೆ ಕೂತ ಮಾವುತ
ಕಿವಿಯ ಹಿಂದೆ ಒತ್ತುವಂತೆ.

ಆನೆ ನಡೆಯಿತು.
ನಾಲ್ಕು ಮನೆ, ನೆಟ್ಟಗೆ.
ರಾಣಿ ಹೋದಳು.

ಆಮೇಲಿನದು ಹೇಳಿಕೊಳ್ಳುವಂಥದ್ದಲ್ಲ.
ಹನ್ನೊಂದು ನಡೆ, ಅಷ್ಟೇ ಸೀನು. ರಾಜ ಮಲಗಿದ.
ಸಹಿ ಹಾಕಿಸಲು ಹೋದೆ.
‘ನೀವು ನೋಡಿದ್ರಿ ಅಲ್ವಾ ಸಾರ್?’ ಅಂದಳು.
ನಾನು ಪೆನ್ನಿನ ಮುಚ್ಚಳ ಹುಡುಕತೊಡಗಿದೆ.
‘ಮುಟ್ಟಿ ನಡೆಸದಿದ್ರೆ ಅದಕ್ಕೆ ಗೊತ್ತಾಗುತ್ತೆ ಸಾರ್.
ನಾಳೆ ಹತ್ತಿಸಿಕೊಳ್ಳಲ್ಲ.’

ಹೊರಗೆ ಜಮೀಲ್
ಗೆದ್ದೆಯಾ ಸೋತೆಯಾ ಕೇಳಲಿಲ್ಲ.
‘ಆನೆ?’ ಅಂದ.
‘ಕೊನೇ ತನಕ ಇತ್ತು ಅಬ್ಬಾ. ಎರಡೂ.’
‘ಮತ್ತೇನು’ ಅಂತ ಟಿಫಿನ್ನಿನ ಮುಚ್ಚಳ ತೆಗೆದ.
ಬಿಗಿಯಾಗಿತ್ತು, ಅಂಗಿಯ ತುದಿ ಹಿಡಿದು ತಿರುವಿದ.
ಮೂಗೊರೆಸುತ್ತ ಬಂದು ನಿಂತ ಮಂಗೋಲಿಯಾದ ಹುಡುಗನಿಗೂ
ಒಂದು ಚಪಾತಿ ಸುತ್ತಿ ಕೊಟ್ಟ.

ಮುಂದಿನ ಸುತ್ತಿಗೆ ನಲವತ್ತು ನಿಮಿಷವಿತ್ತು.
ಹಾಲು ಖಾಲಿ.
ನಾನು ಫ್ಯಾನು ಆರಿಸಿ, ಅದು ನಿಲ್ಲುವವರೆಗೆ ಕಾದು,
ಮೇಜಿನ ಮೇಲೊಂದು ಕುರ್ಚಿ ಇಟ್ಟು ಹತ್ತಿ
ಆ ಜರಿ ಕಾಗದ ಬಿಡಿಸಿದೆ.